ಮೂರೇ ಜೀವದ ಆಟ

ನಮ್ಮೂರಿನಲ್ಲಿ ಜಗಳವಾಡಿದವರಿಗೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಮಾತು ಬಿಟ್ಟರು ಅಂತಲ್ಲ, ಮಾತು ಬಿಡುವುದು ಎಲ್ಲ ಊರಿನಲ್ಲೂ ಇದೆ. ಇಲ್ಲಿ ಗಂಟಲು ಹರಿಯುವಂತೆ ಕೂಗಿಕೊಂಡರೂ ಎದುರಿನವರ ಕಿವಿಗೆ ಹೋಗುವುದಿಲ್ಲ. ಪಾತ್ರೆ ಕುಕ್ಕಿದ್ದು ಕೇಳಿಸುತ್ತದೆ, ಬಾಗಿಲು ಬಡಿದದ್ದು ಕೇಳಿಸುತ್ತದೆ, ಬಾಯಿಂದ ಬಂದದ್ದು ಮಾತ್ರ ಇಲ್ಲ. ಸಣ್ಣಪುಟ್ಟ ಕಿತ್ತಾಟಕ್ಕೆಲ್ಲ ಹೀಗಾಗುವುದಿಲ್ಲ. ಮನಸ್ಸಿಗೆ ನಾಟುವಂಥ ಒಂದು ಮಾತು ಬಿದ್ದಿರಬೇಕು. ಆಮೇಲೆ ಕಿವಿಯಲ್ಲಿ ಉಳಿಯುವುದು ಅದೊಂದೇ.

ಹೊಸದಾಗಿ ಬಂದ ಸೊಸೆಯರು ಮೊದಮೊದಲು ಹೆದರಿ ಸಾಯುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, "ಸ್ವಲ್ಪ ನಮ್ಮನೆಯವ್ರಿಗೆ ಹೇಳಪ್ಪ, ಬರ್ತಾ ಎಲೆ ಅಡಿಕೆ ತರ್ಬೇಕಂತೆ" ಎನ್ನುವುದು ನಮ್ಮಲ್ಲಿ ಮಾಮೂಲು. ಎಲ್ಲರಿಗಿಂತ ಕಷ್ಟವಾಗಿದ್ದು ಬಸ್ಸಿನ ಡ್ರೈವರ್ ಗುಡ್ಡಪ್ಪ ಮತ್ತು ಕಂಡಕ್ಟರ್ ಜೋಸೆಫನಿಗೆ. ಅದೇನು ಮಾತಾಡಿಕೊಂಡಿದ್ದರೋ, ಒಂದು ದಿನ ಜೋಸೆಫ್ ಹಿಂದೆ ನಿಂತು, "ಬರ್ಲಿ ಬರ್ಲಿ ಬರ್ಲಿ, ಹೋಲ್ಡಾನ್!" ಎಂದು ಬೊಬ್ಬೆ ಹೊಡೆಯುತ್ತಿದ್ದರೂ ಗುಡ್ಡಪ್ಪ ಬಸ್ಸನ್ನು ಸೀದಾ ಮಾರ್ಕೆಟ್ಟಿನ ನೀರಿನ ತೊಟ್ಟಿಗೆ ಗುದ್ದಿಸಿದ. ಪೀಪಿಯಾದರೂ ಊದಬಾರದಿತ್ತಾ ಎಂದರೆ, ಪೀಪಿಯನ್ನೂ ಬಾಯಲ್ಲೇ ಊದಬೇಕಲ್ಲ, ಅದೂ ಕೇಳಿಸಿರಲಿಲ್ಲ. ಅವತ್ತಿನಿಂದ ಹಿಂದಿನ ಸೀಟಿನ ಪ್ರಯಾಣಿಕರೇ ಸರದಿಯ ಮೇಲೆ ಹೋಲ್ಡಾನ್ ಹೇಳಬೇಕಾಯಿತು.

ಇದಕ್ಕೆ ಇದ್ದ ಮದ್ದು ಒಂದೇ, ಮಾಯಣ್ಣನ ಪೆಟ್ಟಿಗೆ. ಪೆಟ್ಟಿಗೆ ಅಂದರೆ ಟಿವಿ ಗೇಮು. ಮಾಯಣ್ಣನ ಮದುವೆಗೆ ಯಾರೋ ಉಡುಗೊರೆ ಕೊಟ್ಟಿದ್ದು. ಮದುವೆಯಾದ ವಾರಕ್ಕೇ ಗಂಡಹೆಂಡತಿ ಜಗಳವಾಡಿ, ಮಾಡಲು ಬೇರೇನೂ ತೋಚದೆ ಇಬ್ಬರೂ ಟಿವಿ ಮುಂದೆ ಕೂತು ಆಡಿದರಂತೆ, ಕಿವಿ ಬಿಟ್ಟಿತಂತೆ. ಅಲ್ಲಿಂದ ಅದು ಊರಿನ ಸೊತ್ತಾಯಿತು. ಮಾರ್ಕೆಟ್ಟಿನ ಹಿಂದಿನ ಕಟ್ಟಡದ ಹಾಲಿನಲ್ಲಿ ಒಂದು ದಪ್ಪ ಹೊಟ್ಟೆಯ ಹಳೇ ಟಿವಿ, ಅದರ ಮುಂದೆ ಪೆಟ್ಟಿಗೆ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಮಾಯಣ್ಣ ಪ್ರತಿ ಶುಕ್ರವಾರ ಪೆಟ್ಟಿಗೆಗೆ ಕುಂಕುಮ ಇಟ್ಟು ಊದುಬತ್ತಿ ಬೆಳಗುತ್ತಿದ್ದ. ಆಟದಲ್ಲಿ ಒಬ್ಬ ಕೆಂಪು ಮನುಷ್ಯ, ಒಬ್ಬ ನೀಲಿ ಮನುಷ್ಯ. ಇಬ್ಬರೂ ಒಟ್ಟಿಗೆ ಬೆಟ್ಟ ಹತ್ತಬೇಕು. ಮೇಲಿಂದ ಕಲ್ಲು ಉರುಳುತ್ತವೆ, ನಡುವೆ ಹಳ್ಳಗಳಿವೆ. ತಲೆಗೆ ಮೂರು ಜೀವ. ಒಬ್ಬನ ಮೂರೂ ಮುಗಿದರೆ ಅವನು ರಿಮೋಟಿನ ನಡುವಿನ ಸಣ್ಣ ಗುಂಡಿ ಒತ್ತಿ ಇನ್ನೊಬ್ಬನ ಪಾಲಿನಿಂದ ಒಂದು ತೆಗೆದುಕೊಳ್ಳಬಹುದು. ಆದರೆ ಹೇಳದೆ ಕೇಳದೆ ತೆಗೆಯುವುದು ನಮ್ಮೂರಲ್ಲಿ ಮರ್ಯಾದೆಯಲ್ಲ. ದನಿ ಕೇಳಿಸದಿದ್ದ ಮೇಲೆ ಬಾಯಲ್ಲಿ ಕೇಳುವಂತಿಲ್ಲವಲ್ಲ, ಅದಕ್ಕೆ ಪಕ್ಕದವರ ಮೊಣಕೈ ಮುಟ್ಟಬೇಕು. ಅವರು ತಲೆಯಾಡಿಸಿದ ಮೇಲೆ ಒತ್ತಬೇಕು. ಹಾಗೆ ಆಡುತ್ತಾ ಆಡುತ್ತಾ ಅದ್ಯಾವಾಗಲೋ ಕಿವಿ ಬಿಟ್ಟಿರುತ್ತಿತ್ತು.

ಆ ಪೆಟ್ಟಿಗೆ ಒಂದು ದಿನ ಸಣ್ಣಗೆ ಹೊಗೆಯಾಡಿ ಸತ್ತುಹೋಯಿತು. ಮಾಯಣ್ಣ ಕ್ಯಾಸೆಟ್ಟು ತೆಗೆದು ಊದಿದ, ಸೆರಗಿನಿಂದ ಒರೆಸಲು ಹೆಂಡತಿಗೆ ಹೇಳಿದ, ಪೆಟ್ಟಿಗೆಯ ಬೆನ್ನಿಗೆ ಎರಡು ತಟ್ಟಿದ. ಏನು ಮಾಡಿದರೂ ಟಿವಿಯ ತುಂಬ ಬರೀ ಬೂದಿ ಬಣ್ಣ. ಊರಿನ ರಿಪೇರಿಯವರು ಕೈ ಚೆಲ್ಲಿದರು. ಅಂಥದ್ದೇ ಇನ್ನೊಂದು ತರಿಸೋಣವೆಂದರೆ ಅದನ್ನು ಮಾಡುವುದನ್ನೇ ನಿಲ್ಲಿಸಿ ಯಾವ ಕಾಲವಾಯಿತೋ. ಆ ವಾರ ನಮ್ಮೂರನ್ನು ನೋಡಬೇಕಿತ್ತು! ಮೀನಿನ ಅಂಗಡಿಯಲ್ಲೂ ಚೌಕಾಸಿಯಿಲ್ಲ. ಅತ್ತೆಯರು ಸೊಸೆಯರನ್ನು 'ಬನ್ನಿ, ಕೂತ್ಕೊಳ್ಳಿ' ಎಂದು ಕರೆದರು. ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿತ್ತು.

ಅಂಥ ವಾರದಲ್ಲಿ ನಾನು ಅಕ್ಕನ ಜೊತೆ ಜಗಳವಾಡಿದೆ.

ಬಸ್ ಸ್ಟ್ಯಾಂಡಿನ ಎದುರಿನ ಅಕ್ಕತಂಗಿ ಹೋಟ್ಲು ನಮ್ಮದು. ಅಕ್ಕನ ಹೆಸರು ಸಾಕಮ್ಮ. ಮೊದಲ ಮಗುವೇ ಹೆಣ್ಣಾಯಿತು, ಇನ್ನು ಹೆಣ್ಣು ಸಾಕು ಎಂದು ಆ ಹೆಸರಿಟ್ಟರಂತೆ. ಬಹಳ ವರ್ಷದ ಮೇಲೆ ನಾನು ಹುಟ್ಟಿದೆ, ದೇವೀರಮ್ಮ. ಹೆತ್ತವರು ಬೇಗ ಹೋದರು, ನನ್ನನ್ನು ಸಾಕಿದ್ದು ಅಕ್ಕ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಮತ್ತೆ ನಾವಿಬ್ಬರೇ. ಇಬ್ಬರಿಗೂ ಬಾಯಿ ಜೋರು, ಹಾಗಾಗಿ ಮಾಯಣ್ಣನ ಹಾಲಿಗೆ ನಾವು ಖಾಯಂ ಗಿರಾಕಿಗಳು. ಅಕ್ಕ ಯಾವಾಗಲೂ ಕೆಂಪು ಮನುಷ್ಯ, ನಾನು ನೀಲಿ.

ಅವತ್ತು ಬುಧವಾರ, ಬೆಳಗ್ಗೆ ಅಕ್ಕ ಚಟ್ನಿಗೆ ಉಪ್ಪೆಂದುಕೊಂಡು ಅಡುಗೆ ಸೋಡಾ ಹಾಕಿದಳು. ಮೊದಲನೇ ಗಿರಾಕಿ ಇಡ್ಲಿ ಬಾಯಿಗಿಟ್ಟು ಮುಖ ಹೇಗೆ ಮಾಡಿದನೆಂದರೆ ನನಗೆ ಮೈಯೆಲ್ಲ ಉರಿದುಹೋಯಿತು. ಹೋಟ್ಲು ತುಂಬ ಜನ. "ಕಣ್ಣು ಕಾಣ್ದಿದ್ ಮೇಲೆ ಒಲೆ ಹತ್ರ ಯಾಕ್ ಬರ್ತೀಯಾ? ಮೂಲೇಲಿ ಕೂತ್ಕೋ, ಅಷ್ಟೇ ಸಾಕು" ಎಂದುಬಿಟ್ಟೆ.

"ನಿನ್ನ ಸಾಕಿದ್ದಕ್ಕೆ ಒಳ್ಳೇ ಮಾತೇ ಹೇಳ್ದೆ ಬಿಡು" ಎಂದಳು ಅಕ್ಕ.

"ಸಾಕಿದ್ದು ಸಾಕಿದ್ದು ಅಂತ ಇನ್ನೆಷ್ಟು ಸಲ ಹೇಳ್ತೀಯಾ?" ಎಂದು ನಾನು ಕೇಳುವಷ್ಟರಲ್ಲಿ ಅಕ್ಕನ ತುಟಿ ಅಲ್ಲಾಡುತ್ತಿತ್ತು, ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವಳೂ ನನ್ನ ಕಡೆ ತಲೆ ವಾಲಿಸಿ ನಿಂತುಬಿಟ್ಟಳು. ಟೀ ಕುಡಿಯುತ್ತಿದ್ದವರೆಲ್ಲ, "ಅಯ್ಯೋ, ಹೋಯ್ತು" ಎಂದರು. ನಾನು ಹೇಳಿದ್ದು ಸುಳ್ಳೇನಲ್ಲ, ಈಗಲೂ ಹೇಳುತ್ತೇನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆದರೂ ಆ ವಾರ ಅದನ್ನು ಹೇಳಬಾರದಿತ್ತು, ಯಾಕೆಂದರೆ ಬರುವ ಸೋಮವಾರ ಅಕ್ಕನ ಕಣ್ಣಿನ ಆಪರೇಷನ್ ಇತ್ತು.

ಪಕ್ಕದ ದೊಡ್ಡೂರಿನ ಕಣ್ಣಿನ ಡಾಕ್ಟರು ಆಗಲೇ ಕಟ್ಟುನಿಟ್ಟಾಗಿ ಹೇಳಿದ್ದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಕೆಲವು ದಿನ ಅಂಗಾತ ಮಲಗಿರಬೇಕು, ತಲೆ ಅಲುಗಿಸಬಾರದು, ಅಳಬಾರದು, ಗಾಬರಿಯಿಂದ ಎದ್ದು ಕೂತರೆ ಮಾಡಿದ್ದೆಲ್ಲ ಹಾಳು. ಇನ್ನೊಂದು ಸಲ ಮುಂದಕ್ಕೆ ಹಾಕಿದರೆ ಉಳಿದಿರುವ ಚೂರು ಬೆಳಕೂ ಹೋಗುತ್ತದೆ. ಇನ್ನೊಂದು ಸಲ ಎಂದು ಯಾಕೆ ಹೇಳಿದರೆಂದರೆ, ಅಕ್ಕ ಆಗಲೇ ಒಂದು ಸಲ ಆಸ್ಪತ್ರೆಯಿಂದ ಓಡಿ ಬಂದಿದ್ದಳು. ಪರೀಕ್ಷೆಗೆಂದು ಕಣ್ಣಿಗೆ ಪಟ್ಟಿ ಕಟ್ಟಿದ ಕೂಡಲೇ ಕಿತ್ತೆಸೆದು, ಚಪ್ಪಲಿ ಅಲ್ಲೇ ಬಿಟ್ಟು ಬಸ್ಸು ಹತ್ತಿದ್ದಳು. ಅಕ್ಕನಿಗೆ ಕತ್ತಲೆಂದರೆ ಚಿಕ್ಕಂದಿನಿಂದ ಆಗುವುದಿಲ್ಲ. ಊರನ್ನೆಲ್ಲ ಎದುರುಹಾಕಿಕೊಳ್ಳುವ ಹೆಂಗಸು ದೀಪವಿಲ್ಲದೆ ಮಲಗಿದವಳಲ್ಲ. "ಪಕ್ಕದಲ್ಲಿ ಕೂತು ಮಾತಾಡ್ತಾ ಇರೋರು ಒಬ್ರು ಬೇಕೇ ಬೇಕು. ಇಲ್ಲದಿದ್ರೆ ನಾನು ಕತ್ತರಿ ಮುಟ್ಟಲ್ಲ" ಎಂದಿದ್ದರು ಡಾಕ್ಟರು. ಊರು ಬಿಟ್ಟು ಹೋದರೂ ನಮ್ಮ ಕಿವಿಯ ಕಾಯಿಲೆ ನಮ್ಮ ಜೊತೆಗೇ ಬರುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ನಮ್ಮ ಹೋಟ್ಲಿನ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟಿರುವ ಫಿರ್ದೋಸ್ ಒಳ್ಳೆಯ ಹುಡುಗಿ. "ನಾನು ಹೋಗಿ ಇರ್ತೀನಿ ಬಿಡಿ, ಅಂಗಡಿ ಮುಚ್ಚಿದ್ರಾಯ್ತು" ಎಂದಳು. ಹೋಗಿ ಅಕ್ಕನಿಗೂ ಹಾಗೇ ಹೇಳಿದಳು. ತಿರುಗಿ ಬಂದಾಗ ಅವಳ ಮುಖ ಸಪ್ಪಗಿತ್ತು.

"ಏನಂದ್ಳು?" ಎಂದೆ.

"ಅವಳು ಬಂದ್ರೆ ಮಲಗ್ತೀನಿ, ಇಲ್ಲಾಂದ್ರೆ ಕಣ್ಣೇ ಬೇಡ ಅಂತಾರೆ. ಅಲ್ಲಿ ಬೇರೆ ಯಾರ ದನಿ ಕೇಳಿದ್ರೂ ಎದ್ದು ಓಡ್ತಾರಂತೆ."

ನಾನು ಹಿಟ್ಟು ಕಲಸುತ್ತಿದ್ದೆ. ಅಕ್ಕ ಬಾಗಿಲ ಹೊರಗೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಇಂಥ ಹೊತ್ತಿನಲ್ಲೂ ನಾನೇ ಬೇಕಂತೆ, ಆದರೆ ಮುಖ ಈ ಕಡೆ ತಿರುಗಿಸುವುದಿಲ್ಲವಂತೆ! ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನೂ ಹಿಟ್ಟಿನ ಮೇಲೆ ತೀರಿಸಿಕೊಳ್ಳುವಂತಿರಲಿಲ್ಲ.

ಈ ಫಿರ್ದೋಸೇ ಕಂಪ್ಯೂಟರಿನ ಉಪಾಯ ತಂದವಳು. ಕ್ಯಾಸೆಟ್ಟು ಚೆನ್ನಾಗಿಯೇ ಇದೆ, ಸತ್ತಿರುವುದು ಪೆಟ್ಟಿಗೆ ಮಾತ್ರ ಎಂದು ಅವಳು ಕಂಡುಹಿಡಿದಳು. ಎಲ್ಲಿಂದಲೋ ಒಂದು ಸಣ್ಣ ಸಾಮಾನು ತರಿಸಿ ಕ್ಯಾಸೆಟ್ಟಿನೊಳಗಿನ ಆಟವನ್ನು ಹಾಗೇ ಕಂಪ್ಯೂಟರಿಗೆ ಇಳಿಸಿದಳು. "ಎಮ್ಯುಲೇಟರ್ ಅಂತ ಇದೆ ದೇವೀರಮ್ಮ. ಕಂಪ್ಯೂಟರು ತಾನೇ ಆ ಪೆಟ್ಟಿಗೆ ಅಂದ್ಕೊಂಡು ನಡೆಯುತ್ತೆ. ಅದೇ ಆಟ, ಒಂದು ಚುಕ್ಕಿ ಹೆಚ್ಚಿಲ್ಲ, ಒಂದು ಚುಕ್ಕಿ ಕಮ್ಮಿಯಿಲ್ಲ" ಎಂದಳು. ಹಳೆಯ ಎರಡು ರಿಮೋಟುಗಳನ್ನೇ ಏನೋ ತಂತಿ ಸೇರಿಸಿ ಅದಕ್ಕೆ ಹೊಂದಿಸಿದಳು. ಹಾಲಿನಲ್ಲಿ ಹಳೇ ಟಿವಿ ಪಕ್ಕಕ್ಕೆ ಸರಿಸಿ, ಹಪ್ಪಳದಷ್ಟು ತೆಳ್ಳಗಿನ ಒಂದು ಹೊಸ ಟಿವಿ ಇಟ್ಟಳು.

ಮಾಯಣ್ಣ ಮೊದಲ ದಿನವೇ ಮೂಗು ಮುರಿದ. ಹಳೇ ಟಿವಿಯಲ್ಲಿ ಕೆಂಪು ಮನುಷ್ಯನ ಕೆಂಪು ಸ್ವಲ್ಪ ಹೊರಗೆ ಚೆಲ್ಲಿಕೊಂಡಿರುತ್ತಿತ್ತಂತೆ, ಇದರಲ್ಲಿ ಕತ್ತರಿಸಿ ಅಂಟಿಸಿದ ಹಾಗಿದೆಯಂತೆ. "ಗುಂಡಿ ಒತ್ತಿದ್ರೆ ಹಾರ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಯೋಚ್ನೆ ಮಾಡಿ ಹಾರ್ತಾನೆ" ಎಂದ. ನನಗೆ ನಗು ಬಂತು. ಮಿಕ್ಸಿ ಬಂದಾಗಲೂ ಜನ ಹೀಗೇ ಅಂದಿದ್ದರು, ರುಬ್ಬುಕಲ್ಲಿನ ರುಚಿಯೇ ಬೇರೆ ಎಂದು. ರುಚಿ ಬೇರೆಯೇ, ಒಪ್ಪುತ್ತೇನೆ. ಆದರೆ ಹಾಗೆಂದವರೆಲ್ಲ ರುಬ್ಬುಕಲ್ಲನ್ನು ಹಿತ್ತಿಲಿಗೆ ಉರುಳಿಸಿ ವರ್ಷಗಳಾದವು.

ಮೊದಲು ಕೂತವರು, ಪೆಟ್ಟಿಗೆ ಸತ್ತ ಮೇಲೆ ಜಗಳವಾಡಿ ಮದ್ದಿಲ್ಲದೆ ಉಳಿದಿದ್ದ ಗುಡ್ಡಪ್ಪ ಮತ್ತು ಜೋಸೆಫ್. ಊರಿಗೆ ಊರೇ ಹಾಲಿನಲ್ಲಿತ್ತು. ಇಬ್ಬರೂ ಲೀಲಾಜಾಲವಾಗಿ ಆಡಿದರು, ಬೆಟ್ಟದ ತುದಿ ಮುಟ್ಟಿದರು, ಬಾವುಟವೂ ಹಾರಿತು. ಜೋಸೆಫ್ ಎದ್ದು ನಿಂತು, "ಗುಡ್ಡಣ್ಣ, ಕೇಳಿಸ್ತಾ?" ಎಂದ. ಗುಡ್ಡಪ್ಪ ಟಿವಿಯನ್ನೇ ನೋಡುತ್ತಾ ಕೂತಿದ್ದ. ಇನ್ನೊಂದು ಆಟ ಆಡಿದರು. ಮತ್ತೆ ಬಾವುಟ ಹಾರಿತು, ಮತ್ತೆ ಕಿವಿ ಕಲ್ಲು.

"ನಾ ಹೇಳ್ಲಿಲ್ವಾ?" ಎಂದ ಮಾಯಣ್ಣ. "ನಕಲು ಯಾವತ್ತಿದ್ರೂ ನಕಲೇ. ಗುಣ ಇರೋದು ಪೆಟ್ಟಿಗೇಲಿ ಕಣಮ್ಮ. ಇಂಥವನ್ನ ಇಳಿಸ್ಕೊಂಡು ಊರಿಗೆ ಮೋಸ ಮಾಡ್ಬೇಡ."

ಫಿರ್ದೋಸ್ ಪಾಪ ಎರಡು ದಿನ ಊಟ ಬಿಟ್ಟು ದುಡಿದಿದ್ದಳು. ಮೋಸ ಎಂದದ್ದು ಕೇಳಿ ಮುಖ ಕೆಂಪಗಾಯಿತು. "ಆ ಪೆಟ್ಟಿಗೆ ಬಿಚ್ಚಿ ನೋಡಿದೀನಿ ಮಾಯಣ್ಣ. ಅದರೊಳಗೆ ಇರೋದು ಜಿರಳೆ ಮತ್ತು ನಿಮ್ಮ ಊದುಬತ್ತಿ ಬೂದಿ. ಇಷ್ಟು ವರ್ಷ ನೀವು ಪೂಜೆ ಮಾಡಿದ್ದು ಅದಕ್ಕೇ!"

ಅಷ್ಟೇ. ಇಬ್ಬರ ಬಾಯಿ ಆಡುತ್ತಿತ್ತು, ಇಬ್ಬರೂ ಕಣ್ಣು ಕಣ್ಣು ಬಿಡುತ್ತಿದ್ದರು. ಪೆಟ್ಟಿಗೆ ಹೆಚ್ಚೋ ಕಂಪ್ಯೂಟರು ಹೆಚ್ಚೋ ಎಂದು ವಾದ ಮಾಡಬೇಕಾದ ಇಬ್ಬರಿಗೂ ಒಬ್ಬರ ವಾದ ಒಬ್ಬರಿಗೆ ಕೇಳದ ಹಾಗಾಯಿತು. ಆದರೂ ನಿಲ್ಲಿಸಿದರೆ ಕೇಳಿ! ನಡುವೆ ಸಿಕ್ಕಿಬಿದ್ದವಳು ನಾನು. "ಮಾಯಣ್ಣ ಏನಂತಾರೆಂದ್ರೆ" ಎಂದು ಈ ಕಡೆಗೊಂದು, "ಫಿರ್ದೋಸ್ ಹೇಳೋದೇನಂದ್ರೆ" ಎಂದು ಆ ಕಡೆಗೊಂದು, ಬೈಗುಳವನ್ನೆಲ್ಲ ಸೋಸಿ ಸೋಸಿ ದಾಟಿಸಿದೆ. ಸೋಸಿದ ಮೇಲೆ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಭಾನುವಾರ ಬಂತು. ಮಾರನೇ ದಿನ ಬೆಳಗಿನ ಬಸ್ಸಿಗೆ ಹೊರಡಬೇಕು. ಮಧ್ಯಾಹ್ನ ಊಟದ ಗಿರಾಕಿಗಳು ಮುಗಿದ ಮೇಲೆ ನಾನು ಹೋಟ್ಲಿನ ಬಾಗಿಲೆಳೆದು, ಅಕ್ಕನ ಕೈ ಹಿಡಿದು ಎಬ್ಬಿಸಿದೆ. ಎಲ್ಲಿಗೆ ಎಂದು ಅವಳು ಕೇಳಿರಬೇಕು, ತುಟಿ ಅಲ್ಲಾಡಿತು. ನಾನು ಅವಳ ಅಂಗೈಯಲ್ಲಿ ಹೆಬ್ಬೆರಳಿಂದ ಗುಂಡಿ ಒತ್ತುವ ಹಾಗೆ ಮಾಡಿ ತೋರಿಸಿದೆ. ತಕರಾರಿಲ್ಲದೆ ಎದ್ದು ಬಂದಳು.

ಹಾಲಿನಲ್ಲಿ ಫಿರ್ದೋಸ್ ಕಂಪ್ಯೂಟರು ಹಚ್ಚಿ ಕೂತಿದ್ದಳು. ಸತ್ತ ಪೆಟ್ಟಿಗೆಯನ್ನು ಮಾಯಣ್ಣ ಹೊಸ ಬಟ್ಟೆಯಲ್ಲಿ ಸುತ್ತಿ ಹೊತ್ತು ತಂದು ಟಿವಿಯ ಮುಂದೆ ಇಟ್ಟ. "ಅದರ ಗಾಳಿಯಾದ್ರೂ ತಾಗ್ಲಿ" ಎಂದ. ಫಿರ್ದೋಸಿಗೆ ಕೇಳಿಸಲಿಲ್ಲವಾದ್ದರಿಂದ ಜಗಳವಾಗಲಿಲ್ಲ.

ಅಕ್ಕ ಕೆಂಪು, ನಾನು ನೀಲಿ. ಆಟ ಶುರುವಾಯಿತು. ಅಕ್ಕ ಮೊದಲ ಕಲ್ಲಿಗೇ ಸತ್ತಳು, ತಕ್ಷಣ ಮತ್ತೆ ಹುಟ್ಟಿದಳು. ಹಳ್ಳಕ್ಕೆ ಬಿದ್ದಳು, ಮತ್ತೆ ಹುಟ್ಟಿದಳು. ಎಷ್ಟು ಸತ್ತರೂ ಹುಟ್ಟುತ್ತಲೇ ಇದ್ದಳು. ನಾನೂ ಅಷ್ಟೇ. ನೋಡುವುದೂ ಬೇಕಿಲ್ಲ, ಕಾಯುವುದೂ ಬೇಕಿಲ್ಲ, ಸುಮ್ಮನೆ ನುಗ್ಗಿದರಾಯಿತು. ಬಾವುಟ ಹಾರಿತು. "ಅಕ್ಕಾ" ಎಂದೆ. ಅಕ್ಕ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಟಿವಿಯ ಬೆಳಕಿನ ಕಡೆ ಮುಖ ಮಾಡಿ ಕೂತಿದ್ದಳು. "ಅಕ್ಕಾ!" ಎಂದು ಕಿವಿಯ ಹತ್ತಿರವೇ ಕೂಗಿದೆ. ನನ್ನ ಉಸಿರು ತಾಗಿತೇನೋ, ಕೆನ್ನೆ ಒರೆಸಿಕೊಂಡಳು. ನಾಳೆ ಆ ಕತ್ತಲಲ್ಲಿ ಇವಳು ಒಬ್ಬಳೇ ಮಲಗಬೇಕು, ಇಲ್ಲವಾದರೆ ಓಡಿ ಬರುತ್ತಾಳೆ, ಎರಡರಲ್ಲಿ ಒಂದು.

ನನಗೆ ದುಃಖವಾದರೆ ಅದು ಮೊದಲು ಸಿಟ್ಟಾಗಿಯೇ ಹೊರಗೆ ಬರುವುದು. ಆ ಸಿಟ್ಟು ಆಟದ ಮೇಲೆ ತಿರುಗಿತು. ಅಷ್ಟು ಸಲ ಸತ್ತವಳೂ ಬಾವುಟದ ಕೆಳಗೆ ನಿಂತಿದ್ದಾಳೆ, ಕಣ್ಣು ಮುಚ್ಚಿ ನುಗ್ಗಿದ ನಾನೂ ನಿಂತಿದ್ದೇನೆ! "ಇದೇನು ಆಟಾನೋ ಅನ್ನಸಂತರ್ಪಣೆಯೋ? ಜೀವ ಅನ್ನೋದಕ್ಕೆ ಲೆಕ್ಕನೇ ಇಲ್ವಾ?" ಎಂದು ಫಿರ್ದೋಸಿನ ಮೇಲೆ ಹರಿಹಾಯ್ದೆ.

"ಐವತ್ತೈವತ್ತು ಹಾಕಿದೀನಿ ದೇವೀರಮ್ಮ. ವಯಸ್ಸಾದೋರು ಬೇಗ ಬೇಗ ಸಾಯ್ತಾರೆ, ನಡುವೆ ಆಟ ನಿಲ್ಬಾರ್ದಲ್ಲ ಅಂತ. ಗುಡ್ಡಣ್ಣಂಗೂ ಜೋಸೆಫಂಗೂ ಅಷ್ಟೇ ಕೊಟ್ಟಿದ್ದೆ. ಪೆಟ್ಟಿಗೇಲಿ ಅದೆಲ್ಲ ಬದಲಾಯಿಸೋಕಾಗ್ತಿರ್ಲಿಲ್ಲ, ಇದ್ರಲ್ಲಿ ಆಗುತ್ತೆ."

"ತೆಗಿ ಅದನ್ನ. ಮುಂಚಿನ ಹಾಗೆ ಮೂರೇ ಇರ್ಲಿ. ಕಿವಿ ಬಿಡದೇ ಇದ್ರೆ ಕತ್ತೆ ಬಾಲ, ಇವಳು ಸೋಲೋದನ್ನಾದ್ರೂ ನಾನು ನೋಡ್ಬೇಕು."

ನಿಜವಾಗಿ ನಾನು ಹೇಳಿದ್ದು ಹೀಗೆಯೇ, ಒಳ್ಳೆಯ ಬುದ್ಧಿಯಿಂದ ಹೇಳಿದ್ದಲ್ಲ. ಫಿರ್ದೋಸ್ ನಿಟ್ಟುಸಿರು ಬಿಟ್ಟು ಏನೋ ಕುಟ್ಟಿದಳು. ಮೂರು ಕೆಂಪು ಚುಕ್ಕಿ, ಮೂರು ನೀಲಿ ಚುಕ್ಕಿ ಟಿವಿಯ ತುದಿಯಲ್ಲಿ ಮೂಡಿದವು.

ಮೊದಲ ಎರಡು ಕಲ್ಲುಗಳನ್ನು ಅಕ್ಕ ಬರೀ ಅಭ್ಯಾಸದ ಮೇಲೆ ದಾಟಿದಳು. ಆಮೇಲೆ ಒಂದು ಜೀವ ಹೋಯಿತು. ಇನ್ನೊಂದು ಹೋಯಿತು. ಮೂರನೆಯದೂ ಹಳ್ಳಕ್ಕೆ ಬಿತ್ತು, ಕೆಂಪು ಮನುಷ್ಯ ಮಾಯವಾದ. ನನ್ನ ಮೂರೂ ಹಾಗೇ ಇದ್ದವು. ನಾನು ಮೊಣಕೈಯನ್ನು ಅವಳ ಕಡೆ ಸ್ವಲ್ಪ ಚಾಚಿಯೇ ಇಟ್ಟೆ. ಕೇಳಲಿ, ಮುಟ್ಟಿ ಕೇಳಲಿ, ಒಂದು ಗಳಿಗೆ ಕಾಯಿಸಿ ಕೊಡೋಣ ಎಂದುಕೊಂಡೆ.

ಅಕ್ಕ ಮುಟ್ಟಲಿಲ್ಲ. ಎಷ್ಟು ಹಟ ನೋಡು ಎಂದು ಪಕ್ಕಕ್ಕೆ ತಿರುಗಿದೆ. ಅಕ್ಕ ಆಡುತ್ತಿದ್ದಳು. ನಾಲಿಗೆಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಮುಂದಕ್ಕೆ ಬಾಗಿ, ಒಂದೇ ಸಮನೆ ಹಾರುವ ಗುಂಡಿ ಒತ್ತುತ್ತಿದ್ದಳು. ನನ್ನ ನೀಲಿ ಮನುಷ್ಯ ಹಾರಿದಾಗ ಅವಳ ಭುಜ ಮೇಲೇಳುತ್ತಿತ್ತು, ಅವನು ಬಲಕ್ಕೆ ಹೋದರೆ ಅವಳ ಮೈ ಬಲಕ್ಕೆ ವಾಲುತ್ತಿತ್ತು. ಕೆಂಪಾವುದು, ನೀಲಿಯಾವುದು ಅವಳಿಗೆ ಕಾಣುತ್ತಿರಲಿಲ್ಲ. ಅಲ್ಲಾಡುತ್ತಿದ್ದ ಒಂದು ಮಸುಕನ್ನು ತಾನೆಂದುಕೊಂಡು, ಹತ್ತುತ್ತಿದ್ದೇನೆಂದುಕೊಂಡು ಒತ್ತುತ್ತಿದ್ದಳು. ಕಲ್ಲೊಂದನ್ನು ದಾಟಿದಾಗ ಸಣ್ಣಗೆ ನಕ್ಕಳು ಕೂಡ.

ಕಣ್ಣು ಕಾಣುವುದಿಲ್ಲ ಎಂದು ಬಾಯಲ್ಲಿ ಸಾವಿರ ಸಲ ಅಂದಿದ್ದೆ, ಕಾಣುವುದಿಲ್ಲವೆಂದರೆ ಹೀಗೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಅವಳ ಮಡಿಲಿಗೆ ಕೈ ಹಾಕಿ, ಅವಳ ಹೆಬ್ಬೆರಳನ್ನು ಸರಿಸಿ, ಅವಳ ರಿಮೋಟಿನ ನಡುವಿನ ಗುಂಡಿಯನ್ನು ಎರಡು ಸಲ ಒತ್ತಿದೆ. ನನ್ನ ಎರಡು ಚುಕ್ಕಿ ಅವಳ ಕಡೆಗೆ ಹೋದವು. ಕೆಂಪು ಮನುಷ್ಯ ಹುಟ್ಟಿದ.

ಅಕ್ಕನ ಕೈ ನಿಂತಿತು. ನಾನು ಯಾಕೆ ಒತ್ತಿದೆ ಎಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ಚಿಕ್ಕದಾಯಿತು. ತಾನು ಆಗಲೇ ಸತ್ತಿದ್ದೆ, ಇಷ್ಟು ಹೊತ್ತೂ ಆಡುತ್ತಿರಲೇ ಇಲ್ಲ ಎಂದು ತಿಳಿದ ಮುಖ. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ನನ್ನ ಮೊಣಕೈಯನ್ನು ತಡಕಿ ಹುಡುಕಿ, ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಮತ್ತೆ ರಿಮೋಟು ತೆಗೆದುಕೊಂಡಳು.

ಕಲ್ಲುಗಳು ಉರುಳಿ ಬರುತ್ತಿದ್ದವು. ನನಗೆ ಬಾಯಿ ಮುಚ್ಚಿಕೊಂಡು ಏನನ್ನೂ ಮಾಡಿ ಅಭ್ಯಾಸವಿಲ್ಲ. ದೋಸೆ ಹೊಯ್ಯುವಾಗ ಕಾವಲಿಯ ಜೊತೆ ಮಾತಾಡುವವಳು ನಾನು. ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಬೈಯುತ್ತಲೇ ಇದ್ದೆ. "ಎಡಕ್ಕೆ ಕಣೇ, ಎಡಕ್ಕೆ! ಕಲ್ಲು ಬರ್ತಿದೆ ಹಾಳಾದೋಳೆ, ಎಡಕ್ಕೆ ಹೋಗೇ!"

ಕೆಂಪು ಮನುಷ್ಯ ಎಡಕ್ಕೆ ಹೋದ.

ಅದೇನೋ ತಾನಾಗಿ ಆದದ್ದು ಎಂದುಕೊಂಡೆ. ಮುಂದೆ ಹಳ್ಳ ಬಂತು. "ಈಗ ಹಾರು" ಎಂದೆ, ಈ ಸಲ ಮೆಲ್ಲಗೆ, ಹೆದರಿಕೊಂಡು. ಕೆಂಪು ಮನುಷ್ಯ ಹಾರಿ ಆಚೆ ದಡದಲ್ಲಿ ನಿಂತ. ನನ್ನ ಕೈಯಿಂದ ರಿಮೋಟು ಜಾರಿತು, ನನ್ನವನು ಹೋಗಿ ಹಳ್ಳಕ್ಕೆ ಬಿದ್ದ. ಬಿದ್ದಾಗ ಬರುವ ಟುಯ್ ಎಂಬ ಸದ್ದು ಬಂತು.

"ಈಗ ಬಿದ್ದಿದ್ದು ನೀನೋ ನಾನೋ?" ಎಂದಳು ಅಕ್ಕ.

ಬುಧವಾರದಿಂದ ನಾನು ಆ ದನಿ ಕೇಳಿರಲಿಲ್ಲ. ಸ್ವಲ್ಪ ಒರಟು, ಕೊನೆಯಲ್ಲಿ ಸ್ವಲ್ಪ 'ನೀನೇ ಇರಬೇಕು' ಎನ್ನುವಂಥ ರಾಗ. "ನಾನೇ ಕಣೇ" ಎಂದೆ. "ನಾನೇ ಬಿದ್ದೆ, ನಂದು ಮುಗೀತು."

"ಹಂಗಾದ್ರೆ ಕೇಳು."

ನಾನು ಅವಳ ಮೊಣಕೈ ಮುಟ್ಟಿದೆ.

"ಬಾಯಿ ಇದೆಯಲ್ಲ, ಬಾಯಲ್ಲಿ ಕೇಳು."

"ಒಂದು ಜೀವ ಕೊಡೇ ಅಕ್ಕ" ಎಂದೆ. ಹೇಳುವಾಗಲೇ ಅಳು ಬಂದುಬಿಟ್ಟಿತು. ಅಕ್ಕ, "ತಗೋ, ತಗೋ, ಅದಕ್ಯಾಕೆ ಅಳ್ತೀಯಾ, ನೀನೇ ಕೊಟ್ಟಿದ್ದು" ಎಂದು ತಾನೂ ಅತ್ತಳು. ಫಿರ್ದೋಸ್ ದುಪಟ್ಟಾದಿಂದ ಮೂಗು ಒರೆಸಿಕೊಂಡಳು. ಮಾಯಣ್ಣ ಸತ್ತ ಪೆಟ್ಟಿಗೆಗೆ ಕೈ ಮುಗಿದ. ನಾವು ಬೆಟ್ಟದ ತುದಿಯನ್ನೇನೂ ಮುಟ್ಟಲಿಲ್ಲ, ಅಳುತ್ತಾ ಆಡಿದರೆ ಮುಟ್ಟುವುದಾದರೂ ಹೇಗೆ? ಮುಂದಿನ ಕಲ್ಲಿಗೇ ಇಬ್ಬರೂ ಒಟ್ಟಿಗೆ ಹೋದೆವು.

ಫಿರ್ದೋಸ್ ಜಾಣೆ, ತಕ್ಷಣ ಓಡಿಹೋಗಿ ಬಸ್ ಸ್ಟ್ಯಾಂಡಿನಿಂದ ಗುಡ್ಡಪ್ಪನನ್ನೂ ಜೋಸೆಫನನ್ನೂ ಎಳೆದು ತಂದು ಮೂರು ಮೂರು ಜೀವ ಕೊಟ್ಟು ಕೂರಿಸಿದಳು. ಐವತ್ತು ಜೀವ ಇಟ್ಟುಕೊಂಡವನಿಗೆ ಯಾರ ಮೊಣಕೈ ಬೇಕು? ಈಗ ಗುಡ್ಡಪ್ಪನದು ಮೊದಲು ಮುಗಿಯಿತು. ಬಹಳ ಹೊತ್ತು ಮೀಸೆ ತಿರುವಿ, ಕೊನೆಗೆ ಒಂದು ಬೆರಳಿಂದ ಮುಟ್ಟಿದ. ಸಂಜೆಯ ಬಸ್ಸಿಗೆ ಜೋಸೆಫನೇ ಹೋಲ್ಡಾನ್ ಹೇಳಿದ. ಮಾಯಣ್ಣ ಮಾತ್ರ ಇದೆಲ್ಲ ತಾನು ಮುಂದಿಟ್ಟ ಪೆಟ್ಟಿಗೆಯ ಗಾಳಿಯ ಗುಣವೆಂದೇ ಹೇಳುತ್ತಾನೆ. ಅವನೂ ಫಿರ್ದೋಸೂ ಆಡಿ ಕಿವಿ ಬಿಡಿಸಿಕೊಂಡ ಕೂಡಲೇ ವಾದ ಶುರುಮಾಡಿದರು. ಆದರೆ ಈಗ ಒಬ್ಬರದು ಒಬ್ಬರಿಗೆ ಕೇಳಿಸುತ್ತಿತ್ತು. ಗುಂಡಿ ಒತ್ತಿದ ಮೇಲೆ ಯೋಚನೆ ಮಾಡಿ ಹಾರುತ್ತಾನೆ ಎಂಬ ಅವನ ದೂರನ್ನು ಅವಳು ಪೂರ್ತಿ ಕೇಳಿ, "ಅದು ನಿಜ ಮಾಯಣ್ಣ, ಹೊಸ ಟಿವಿಯ ದೋಷ" ಎಂದು ಹಳೇ ದಪ್ಪ ಟಿವಿಯನ್ನೇ ಕಂಪ್ಯೂಟರಿಗೆ ಜೋಡಿಸಿದಳು. ಈಗ ಕೆಂಪು ಮತ್ತೆ ಸ್ವಲ್ಪ ಹೊರಗೆ ಚೆಲ್ಲುತ್ತದೆ, ಅವನಿಗೆ ಸಮಾಧಾನ.

ಆಪರೇಷನ್ ಸೋಮವಾರ ಮಧ್ಯಾಹ್ನವಾಯಿತು. ಹೊರಗೆ ಬಂದ ಡಾಕ್ಟರು, "ನಮ್ಮ ಕೆಲಸ ಆಯ್ತು, ಇನ್ನು ನಿಮ್ಮದು" ಎಂದು ಹೋದರು. ಎರಡೂ ಕಣ್ಣಿಗೆ ದಪ್ಪ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಕ್ಕ ಅಷ್ಟು ಸಣ್ಣವಳು ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಅವಳ ಕಾಲು ಸೆಟೆಯಿತು, ಎರಡೂ ಕೈ ಮಂಚದ ಪಟ್ಟಿ ಹಿಡಿದವು, ಕತ್ತಿನ ನರ ಉಬ್ಬಿತು. ಎಚ್ಚರವಾಗಿತ್ತು. ಏಳಲು ಹೊರಟಿದ್ದಳು.

"ಅಲ್ಲಾಡ್ಬೇಡ ಕಣೇ ಅಕ್ಕ, ಇಲ್ಲೇ ಇದೀನಿ" ಎಂದೆ.

ಕೈ ಸಡಿಲವಾಯಿತು. ತಲೆ ದಿಂಬಿನ ಮೇಲೆ ಹಾಗೇ ನಿಂತಿತು.

"ಕಿಟಕಿ ಇದೆಯಾ?" ಎಂದಳು.

"ಇದೆ."

"ಏನ್ ಕಾಣುತ್ತೆ? ಹೇಳು."

ಕಿಟಕಿಯಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಆದರೂ ಹೇಳಿದೆ. ಎದುರಿಗೆ ಒಂದು ಗೋಡೆ, ಸುಣ್ಣ ಉದುರಿದೆ. ಗೋಡೆ ಮೇಲೆ ಯಾರದೋ ಲುಂಗಿ ಒಣಗುತ್ತಿದೆ, ಹಸಿರು ಗೀರಿನದು. ಒಂದು ಕಾಗೆ ಬಂತು, ಲುಂಗಿ ನೋಡಿತು, ಬೇಡವೆಂದು ಹೋಯಿತು.

"ಆಮೇಲೆ?"

"ಆಮೇಲೆ ಏನಿದೆ? ಗೋಡೆ."

"ಗೋಡೇನೇ ಹೇಳು" ಎಂದಳು ಅಕ್ಕ. ನಾನು ಗೋಡೆಯನ್ನೇ ಹೇಳತೊಡಗಿದೆ, ಮೇಲಿನ ಸಾಲಿನ ಇಟ್ಟಿಗೆಯಿಂದ ಶುರುಮಾಡಿ. ನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಳಬಾರದು ಎಂದು ಡಾಕ್ಟರು ಹೇಳಿದ್ದು ಅಕ್ಕನಿಗೆ, ನನಗಲ್ಲವಲ್ಲ.